ನೋಟದ ಋಣ

ಹಣ್ಣು ಇರುವುದು ತಿನ್ನುವುದಕ್ಕೆ. ಈ ಮಾತಿನಲ್ಲಿ ಶಂಕಿಸತಕ್ಕದ್ದೇನೂ ಇಲ್ಲವೆಂದು ವಾಚಕರು ಎಣಿಸಬಹುದು. ಆದರೂ ಮಾನವನು ತಿನ್ನಲು ಬಾರದ ಹಣ್ಣುಗಳನ್ನು ಶತಮಾನಗಳಿಂದ ಬಟ್ಟೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆಯುತ್ತ ಬಂದಿದ್ದಾನೆ. ಅವನ್ನು ಚೌಕಟ್ಟಿನಲ್ಲಿ ಕೂಡ್ರಿಸಿ ಗೋಡೆಗೆ ತೂಗುಹಾಕಿ ನೋಡಿ ಸಂತೋಷಪಟ್ಟಿದ್ದಾನೆ. ಅವು ಹಳೆಯವಾದಷ್ಟೂ ಹೆಚ್ಚು ಹಣ ತೆತ್ತು ಕೊಂಡಿದ್ದಾನೆ. ಗಿಡದಿಂದ ಕಿತ್ತ ಹಣ್ಣಿನ ಬೆಲೆ ಗಳಿಗೆಗಳಿಗೆಗೆ ಇಳಿಯುತ್ತದೆ. ಚಿತ್ರದೊಳಗಿನ ಹಣ್ಣಿನ ಬೆಲೆ ತಲೆಮಾರಿನಿಂದ ತಲೆಮಾರಿಗೆ ಏರುತ್ತದೆ. ಹಾಗಾದರೆ ತಿನ್ನದೆ ಬರಿದೆ ನೋಡಿ ಸುಖಿಸುವುದು ವೈರಾಗ್ಯದ ಲಕ್ಷಣವೋ, ಅಥವಾ ಭೋಗದ ಇನ್ನೊಂದು ಬಗೆಯೋ? ನೋಡಿದವನು ಯಾರಿಗಾದರೂ ಏನನ್ನಾದರೂ ಕೊಡಬೇಕಾಗಿ ಬರುತ್ತದೆಯೋ, ಇಲ್ಲವೋ? ಪ್ರಶ್ನೆ ಚಿತ್ರಕಾರರದೆಂದು ತೋರಿದರೂ ಅದು ಧರ್ಮಜಿಜ್ಞಾಸೆಯ ಪ್ರಶ್ನೆಯೇ ಆಗಿದೆ.

ಯುರೋಪಿನಲ್ಲಿ ಬೆಳೆದ ಈ ಚಿತ್ರಪ್ರಕಾರಕ್ಕೆ ನಮ್ಮಲ್ಲಿ ವಸ್ತುಚಿತ್ರವೆಂದೂ ಸ್ಥಿರಚಿತ್ರವೆಂದೂ ಹೆಸರುಂಟು. ನಮ್ಮ ಸೀಮೆಯ ಹಿರಿಯರಿಗೆ ಇದು ಅಪರಿಚಿತವಾದುದಲ್ಲ. 1956ರವರೆಗೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳು ಮುಂಬಯಿ ಆಡಳಿತಕ್ಕೊಳಪಟ್ಟ ಧಾರವಾಡ ಜಿಲ್ಲೆಯಲ್ಲಿದ್ದವು. ಹಾವೇರಿ ತಾನೇ ಒಂದು ಜಿಲ್ಲೆಯಾದುದು 1997ರಲ್ಲಿ. 1857ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಜೆ.ಜೆ. ಕಲಾಶಾಲೆಯ ಅಭ್ಯಾಸಕ್ರಮದ ಪ್ರಭಾವ ಹೀಗೆ ನಮ್ಮ ಹೈಸ್ಕೂಲುಗಳವರೆಗೂ ಹರಿದುಬಂದಿತು. ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳಿಗೆ ಕುಳಿತ ಹಳೆಯ ವಿದ್ಯಾರ್ಥಿಗಳಿಗೆ ನೆನಪಿದ್ದೀತು: ಮೇಜಿನ ಮೇಲೊಂದು ಬಟ್ಟೆ, ಅದರ ಮೇಲೊಂದು ತಾಮ್ರದ ತಂಬಿಗೆ, ಪಕ್ಕದಲ್ಲಿ ಎರಡು ಪೇರಲಹಣ್ಣು. ಪರೀಕ್ಷೆ ಮುಗಿದೊಡನೆ ಆ ಪೇರಲಹಣ್ಣುಗಳು ಎಲ್ಲಿಗೆ ಹೋಗುತ್ತಿದ್ದವೆಂಬುದನ್ನು ಅವರೇ ಹೇಳಬೇಕು.

ಡಚ್ಚರು ಈ ಬಗೆಯ ಚಿತ್ರವನ್ನು ‘ಸ್ಟಿಲ್‌ಲೇವನ್’ ಎಂದು ಕರೆದರು. ಅಲುಗದೆ ನಿಂತ ಜೀವ ಎಂದು ಅದರರ್ಥ. ಫ್ರೆಂಚರು ‘ನಾತ್ಯೂರ್ ಮೋರ್ತ್’ ಎಂದರು; ಸತ್ತ ಪ್ರಕೃತಿ ಎಂದರ್ಥ. ಒಂದೇ ಬುಟ್ಟಿಯನ್ನು ಕಂಡು ಒಬ್ಬರು ಜೀವವೆಂದೂ ಇನ್ನೊಬ್ಬರು ಶವವೆಂದೂ ಹೇಳಿದರು. ಸಸ್ಯಶಾಸ್ತ್ರವು ಡಚ್ಚರ ಪಕ್ಷವನ್ನೇ ಹಿಡಿಯುತ್ತದೆ. ಗಿಡದಿಂದ ಕಿತ್ತ ಮೇಲೆಯೂ ಹಣ್ಣು ಉಸಿರಾಡುತ್ತಲೇ ಇರುತ್ತದೆ. ಅದರ ಮಾಗುವಿಕೆಯೂ ಬಾಡುವಿಕೆಯೂ ಆ ಉಸಿರಿನ ಕೆಲಸಗಳೇ.

ಇನ್ನು ಆ ಎಣ್ಣೆಯಾದರೂ ಯಾವುದು? ಹಳೆಯ ಯುರೋಪಿಯನ್ ಚಿತ್ರಕಾರರು ಬಣ್ಣದ ಪುಡಿಯನ್ನು ಅರೆಯುತ್ತಿದ್ದುದು ಬಹುಮಟ್ಟಿಗೆ ಅಗಸಿಯ ಎಣ್ಣೆಯಲ್ಲಿ. ನಮ್ಮ ತಾಯಂದಿರು ಜೋಳದ ರೊಟ್ಟಿಯ ಜೊತೆಗೆ ಚಟ್ನಿಪುಡಿ ಮಾಡುವರಲ್ಲ, ಅದೇ ಅಗಸಿ. ಗಾಳಿಯಲ್ಲಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವುದು ಅದರ ಗುಣ. ಕಾಲ ಕಳೆದಂತೆ ಹಳದಿಗೆ ತಿರುಗುವುದು ಅದರ ದೋಷ. ಆದುದರಿಂದ ಬಿಳಿಯ ಬಣ್ಣಕ್ಕೆ ಕುಸುಬಿ ಎಣ್ಣೆಯನ್ನು ಬಳಸುವುದೂ ಉಂಟು. ಗಾಣದಿಂದ ಅಡಿಗೆಮನೆಗೆ ಬರುವ ಪದಾರ್ಥವೇ ಅಲ್ಲಿ ಗೋಡೆಯ ಮೇಲಿನ ದೊಡ್ಡ ಕೃತಿಗಳಾಗಿ ನಿಂತಿದೆ. ಅಲ್ಲಿಯೂ ಒಬ್ಬ ಒಕ್ಕಲಿಗ ಬಿತ್ತಿದ್ದನು, ಒಬ್ಬನು ಗಾಣ ತಿರುಗಿಸಿದ್ದನು ಎಂಬುದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇಟಲಿಯ ಮಿಲಾನ್ ನಗರದ ಅಂಬ್ರೋಸಿಯಾನ ಸಂಗ್ರಹಾಲಯದಲ್ಲಿ ಒಂದು ಪುಟ್ಟ ಚಿತ್ರವಿದೆ. ಬರೆದವನು ಕರಾವಾಜ್ಜೊ, ಕಾಲ ಸುಮಾರು 1600. ಬೆತ್ತದಂಥ ಹೆಣಿಗೆಯ ಒಂದು ಬುಟ್ಟಿ, ಅದರಲ್ಲಿ ದ್ರಾಕ್ಷಿ, ಅಂಜೂರ, ಸೇಬು, ಪೇರು ಮುಂತಾದ ಹಣ್ಣುಗಳು. ಹಿಂದೆ ಏನೂ ಇಲ್ಲದ ಬೋಳು ಬಣ್ಣ. ಬುಟ್ಟಿಯ ಅಂಚು ಕಟ್ಟೆಯಿಂದ ತುಸು ಮುಂದಕ್ಕೆ ಚಾಚಿ, ಈಗ ಬಿದ್ದೀತೆಂಬಂತಿದೆ. ಮುಂದಿರುವ ಸೇಬಿಗೆ ಹುಳು ಕೊರೆದ ತೂತು. ಎಲೆಗಳಲ್ಲಿ ಕೆಲವು ಹಸಿರು, ಕೆಲವು ಒಣಗಿ ಮುದುಡಿದವು. ಚೆಲುವಾದ ಹಣ್ಣನ್ನೇ ಆರಿಸಿ ಬರೆಯಬಹುದಾಗಿತ್ತು. ಆತನು ಹುಳುಕನ್ನು ಮುಚ್ಚಲಿಲ್ಲ. ನಮ್ಮ ಸಂತೆಯಲ್ಲಿ ಬುಟ್ಟಿ ಜೋಡಿಸುವವರ ಪದ್ಧತಿ ಇದಕ್ಕೆ ತೀರ ವಿರುದ್ಧವಾದುದೆಂಬುದು ಎಲ್ಲರಿಗೂ ಗೊತ್ತು!

ಈ ಚಿತ್ರದ ಒಡೆಯನು ರಾಜನಲ್ಲ, ಶೆಟ್ಟಿಯಲ್ಲ. ಆ ನಗರದ ಕ್ರೈಸ್ತ ಧರ್ಮಗುರು, ಕಾರ್ಡಿನಲ್ ಫೆಡೆರಿಕೊ ಬೊರೊಮೆಯೊ. 1609ರಲ್ಲಿ ಅಂಬ್ರೋಸಿಯಾನ ಗ್ರಂಥಾಲಯವನ್ನು ಸಾರ್ವಜನಿಕರಿಗೆ ತೆರೆದವರೂ, 1618ರಲ್ಲಿ ತಮ್ಮ ಚಿತ್ರಗಳನ್ನು ಆ ಸಂಸ್ಥೆಗೆ ದಾನಮಾಡಿದವರೂ ಅವರೇ. ಈ ಬುಟ್ಟಿಗೆ ಜೋಡಿಯಾಗಿ ಇನ್ನೊಂದನ್ನು ಇಡಬೇಕೆಂದು ಅವರು ಅರಸಿದರು. ಸರಿಸಾಟಿಯಾದುದು ದೊರೆಯಲಿಲ್ಲವಾಗಿ ಇದು ಒಂಟಿಯಾಗಿಯೇ ಉಳಿಯಿತೆಂದು ತಾವೇ ಬರೆದಿಟ್ಟಿದ್ದಾರೆ. ಹಣ್ಣನ್ನು ತಿನ್ನದೆ ನೋಡುತ್ತ ಕುಳಿತ ಒಬ್ಬ ಮಠಾಧಿಪತಿಯ ಚಿತ್ರ ಇಲ್ಲಿ ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ಬಹಳ ವರ್ಷಗಳ ಮೇಲೆ, 1994ರಲ್ಲಿ, ಇಟಲಿಯ ಕೇಂದ್ರ ಬ್ಯಾಂಕು ಇದೇ ಬುಟ್ಟಿಯನ್ನು ಲಕ್ಷ ಲಿರಾದ ನೋಟಿನ ಹಿಂಬದಿಯಲ್ಲಿ ಅಚ್ಚುಹಾಕಿಸಿತು. ನೋಟಕ್ಕಿದ್ದ ಹಣ್ಣು ನೋಟಾಯಿತು! 2002ರಲ್ಲಿ ಯೂರೋ ಬಂದು ಆ ನೋಟು ಹೋಯಿತು. ಬುಟ್ಟಿ ಮಾತ್ರ ಇದ್ದಲ್ಲಿಯೇ ಇದೆ.

ಈಗ ಪೂರ್ವಪಕ್ಷವನ್ನು ಕೇಳೋಣ. ನೋಡುವುದರಿಂದ ಹಣ್ಣು ಸವೆಯುವುದಿಲ್ಲ. ಒಬ್ಬನು ತಿಂದರೆ ಇನ್ನೊಬ್ಬನಿಗಿಲ್ಲ. ಸಾವಿರ ಜನ ನೋಡಿದರೂ ಸಾವಿರದೊಂದನೆಯವನಿಗೆ ಅಷ್ಟೇ ಉಳಿದಿರುತ್ತದೆ. ಆದುದರಿಂದ ನೋಟವು ನಿರ್ದೋಷವಾದುದು, ಅದಕ್ಕೆ ಋಣವಿಲ್ಲ. ಜರ್ಮನಿಯ ತತ್ತ್ವಜ್ಞಾನಿ ಕಾಂಟನು 1790ರ ತನ್ನ ಗ್ರಂಥದಲ್ಲಿ, ಸೌಂದರ್ಯದ ಆನಂದವು ವಸ್ತುವನ್ನು ಪಡೆಯಬೇಕೆಂಬ ಆಸೆಯಿಂದ ಬಿಡುಗಡೆ ಹೊಂದಿದುದೆಂದು ಪ್ರತಿಪಾದಿಸಿದನು. ನಮ್ಮ ಅಲಂಕಾರಶಾಸ್ತ್ರದಲ್ಲಿ ಶ್ರೀಶಂಕುಕನು ಹೇಳಿದ ಚಿತ್ರತುರಗನ್ಯಾಯವೂ ಇದಕ್ಕೆ ನೆರವಾಗುವಂತಿದೆ: ಚಿತ್ರದಲ್ಲಿಯ ಕುದುರೆಯನ್ನು ಕಂಡಾಗ ಹುಟ್ಟುವ ಅರಿವು ನಿಜದ್ದೂ ಅಲ್ಲ, ಭ್ರಾಂತಿಯದೂ ಅಲ್ಲ, ಸಂದೇಹದ್ದೂ ಅಲ್ಲ, ಹೋಲಿಕೆಯದೂ ಅಲ್ಲ, ಅದೊಂದು ಬೇರೆಯೇ ಬಗೆ. ಆ ಕುದುರೆಯನ್ನು ಯಾರೂ ಏರಲು ಹೋಗುವುದಿಲ್ಲ. ಇವೆಲ್ಲಕ್ಕಿಂತ ಬಲವಾದ ಆಧಾರವೆಂದರೆ ಮುಂಡಕೋಪನಿಷತ್ತಿನ ಎರಡು ಹಕ್ಕಿಗಳು. ಒಂದೇ ಮರದಲ್ಲಿ ಜೊತೆಯಾಗಿ ಕುಳಿತಿರುವ ಅವುಗಳಲ್ಲಿ ಒಂದು ಹಣ್ಣನ್ನು ಸವಿಯುತ್ತದೆ, ಇನ್ನೊಂದು ತಿನ್ನದೆ ನೋಡುತ್ತದೆ. ನೋಡುವ ಹಕ್ಕಿಯೇ ಮೇಲಾದುದೆಂದು ಯಾರೂ ಒಪ್ಪುವರು.

ಪೂರ್ವಪಕ್ಷ ಸುಂದರವಾಗಿದೆ. ಆದರೆ ಆ ಎರಡನೆಯ ಹಕ್ಕಿ ತಿನ್ನುವ ತನ್ನ ಜೊತೆಗಾರನನ್ನೂ ನೋಡುತ್ತದೆ, ಮರವನ್ನೂ ನೋಡುತ್ತದೆ; ಹಣ್ಣಿನ ಮೈಬಣ್ಣವೊಂದನ್ನೇ ನೋಡಿ ನಿಲ್ಲುವುದಿಲ್ಲ. ನಾವಾದರೋ ಬಣ್ಣದ ಹತ್ತಿರ ನಿಂತುಬಿಟ್ಟು, ತಿನ್ನಲಿಲ್ಲವೆಂಬ ಒಂದೇ ಕಾರಣಕ್ಕೆ ಸಾಕ್ಷಿಯ ಪದವಿ ದೊರೆಯಿತೆಂದು ಹಿಗ್ಗುತ್ತೇವೆ. ಇದು ವೈರಾಗ್ಯವಲ್ಲ, ಅಗ್ಗದ ಭೋಗ.

ರೋಮಿನ ಪ್ಲಿನಿ ಎಂಬ ವಿದ್ವಾಂಸನು ಹಳೆಯ ಗ್ರೀಕ್ ಚಿತ್ರಕಾರ ಜ್ಯೂಕ್ಸಿಸನ ಕಥೆಯನ್ನು ಹೇಳುತ್ತಾನೆ. ಆತನು ಬರೆದ ದ್ರಾಕ್ಷಿಯನ್ನು ಕುಕ್ಕಲು ಹಕ್ಕಿಗಳು ಹಾರಿಬಂದವೆಂಬ ಭಾಗ ಬಹು ಜನರಿಗೆ ಗೊತ್ತು. ಅದರ ಮುಂದಿನ ಭಾಗವನ್ನು ಜನ ಮರೆತಿದ್ದಾರೆ. ಮುಂದೊಮ್ಮೆ ಆತನು ದ್ರಾಕ್ಷಿಯನ್ನು ಹೊತ್ತ ಹುಡುಗನ ಚಿತ್ರವನ್ನು ಬರೆದನು. ಆಗಲೂ ಹಕ್ಕಿಗಳು ಬಂದವು. ನೋಡಿದವರು ಹೊಗಳಿದರು, ಚಿತ್ರಕಾರನು ಮಾತ್ರ ತನ್ನ ಕೃತಿಯ ಮೇಲೆಯೇ ಸಿಟ್ಟಾದನು. ಹುಡುಗನನ್ನು ದ್ರಾಕ್ಷಿಯಷ್ಟು ಚೆನ್ನಾಗಿ ಬರೆದಿದ್ದರೆ ಹಕ್ಕಿಗಳು ಅವನಿಗೆ ಹೆದರಿ ಹತ್ತಿರ ಸುಳಿಯುತ್ತಿರಲಿಲ್ಲವೆಂಬುದು ಆತನ ತರ್ಕ. ಹಣ್ಣು ನಿಜವಾಯಿತು, ಹೊತ್ತವನು ನಿಜವಾಗಲಿಲ್ಲ. ಆ ಮೇಲಿನ ಚಿತ್ರಕಾರರು ಸುಲಭವಾದ ಉಪಾಯವನ್ನು ಕಂಡುಕೊಂಡರೆಂದು ನಮಗೆ ತೋರುತ್ತದೆ: ಹುಡುಗನನ್ನೇ ಬಿಟ್ಟುಬಿಟ್ಟರು. ಹಣ್ಣಿನ ಚಿತ್ರಗಳಲ್ಲಿ ಬೆಳೆದವನ ಕೈ, ಹೊತ್ತವಳ ತಲೆ ಕಾಣುವುದು ವಿರಳ.

ಇದು ದೂರದೇಶದ ವಿಷಯ, ನಮಗೇನು ಎಂದು ವಾಚಕರು ಕೇಳಬಾರದು. ನಮ್ಮ ಮೂರು ಊರುಗಳನ್ನೇ ನೋಡಿರಿ. ಹಣ್ಣನ್ನು ತಿನ್ನುವುದಕ್ಕಲ್ಲದೆ ಬೇರೆ ಕಾರಣಕ್ಕೆ ಮೆಚ್ಚುವ ಊರುಗಳು ಇವಲ್ಲದೆ ಇನ್ನಾವುವು?

ಹಾವೇರಿ ಏಲಕ್ಕಿಯ ಊರು. ಏಲಕ್ಕಿ ಸಹ್ಯಾದ್ರಿಯ ಮಳೆಕಾಡಿನ ಬೆಳೆ, ಹಾವೇರಿಯ ಬಯಲಿನದಲ್ಲ. ಹಾವೇರಿಯದೇನಿದ್ದರೂ ಅದನ್ನು ಪೋಣಿಸುವ ಕೈ. ಕೆಲವೇ ಮನೆತನಗಳು ಕಾಪಾಡಿಕೊಂಡು ಬಂದಿರುವ ಆ ಕಸಬಿನಲ್ಲಿ ಏಲಕ್ಕಿಕಾಯಿಗಳನ್ನು ರೇಷ್ಮೆ, ಜರಿ, ಮಣಿಗಳೊಡನೆ ಹಾರಮಾಡುತ್ತಾರೆ. ಮಂತ್ರಿಗಳ ಕೊರಳಿಗೂ ಸ್ವಾಮಿಗಳ ಕೊರಳಿಗೂ ಅದು ಬೀಳುತ್ತದೆ. ಹಾರ ಹಾಕಿಸಿಕೊಂಡವನು ಅದರ ಒಂದು ಕಾಯಿಯನ್ನೂ ಬಾಯಿಗೆ ಹಾಕುವುದಿಲ್ಲ. ಏಲಕ್ಕಿಯೂ ಒಂದು ಹಣ್ಣೇ. ಇಲ್ಲಿ ಅದು ಗೌರವದ ಚಿಹ್ನೆಯಾಗಿದೆ. ವೇದಿಕೆಯ ಮೇಲೆ ಹಾಕಿದವನ ಹೆಸರನ್ನು ಕೂಗುತ್ತಾರೆ, ಹಾಕಿಸಿಕೊಂಡವನ ಹೆಸರನ್ನು ಕೂಗುತ್ತಾರೆ. ಪೋಣಿಸಿದವನ ಹೆಸರನ್ನು ಕೂಗಿದುದನ್ನು ನಾವು ಇದುವರೆಗೂ ಕೇಳಿಲ್ಲ.

ರಾಣೇಬೆನ್ನೂರಿನ ಸುತ್ತಮುತ್ತ ತರಕಾರಿಯ ಹೈಬ್ರಿಡ್ ಬೀಜೋತ್ಪಾದನೆ ನಡೆಯುತ್ತದೆ. ನಾಳೆ ಅರಳಲಿರುವ ಟೊಮೆಟೊ ಮೊಗ್ಗನ್ನು ಇಂದೇ ಬಿಡಿಸಿ ಸಣ್ಣ ಚಿಮಟದಿಂದ ಅದರ ಗಂಡು ಕೇಸರಗಳನ್ನು ತೆಗೆಯಬೇಕು. ಮರುದಿನ ಬೆಳಗ್ಗೆ ಬೇರೆ ತಳಿಯ ಪರಾಗವನ್ನು ಅದಕ್ಕೆ ಮುಟ್ಟಿಸಬೇಕು. ಒಂದೊಂದು ಹೂವಿಗೂ ಇಷ್ಟು ಕೆಲಸ; ಮಾಡುವವರು ಬಹುಪಾಲು ಹೆಣ್ಣುಮಕ್ಕಳು. ಹಣ್ಣು ಕೆಂಪಾಗಿ ತುಂಬಿ ನಿಂತಾಗ ಅದನ್ನು ಹಿಸುಕಿ ಬೀಜವನ್ನು ಹುಳಿಯಿಟ್ಟು ತೊಳೆದು ಒಣಗಿಸುತ್ತಾರೆ. ತಿರುಳು ಚೆಲ್ಲಿಹೋಗುತ್ತದೆ. ಲೋಕವು ಹಣ್ಣೆಂದು ಕರೆಯುವುದು ಇಲ್ಲಿ ಕಸ, ಲೋಕವು ಉಗಿಯುವ ಬೀಜ ಇಲ್ಲಿ ಧನ. ಆ ಬೀಜದ ಲಕೋಟೆಯ ಮೇಲೆ ಮಿರುಗುವ ಟೊಮೆಟೊದ ಬಣ್ಣದ ಚಿತ್ರವನ್ನು ಅಚ್ಚುಹಾಕುತ್ತಾರೆ. ನಮ್ಮ ಸೀಮೆಯ ನಿಜವಾದ ಸ್ಥಿರಚಿತ್ರ ಅದೇ ಎಂದರೆ ಅತ್ಯುಕ್ತಿಯಾಗದು.

ಬ್ಯಾಡಗಿಯ ಸಂಗತಿ ಇನ್ನೂ ಗಹನವಾದುದು. ಹಳೆಗನ್ನಡದ ಕಾಲದಲ್ಲಿ ಮೆಣಸೆಂದರೆ ಕರಿಮೆಣಸು. ಅಮೆರಿಕ ಖಂಡದ ಗಿಡವಾದ ಮೆಣಸಿನಕಾಯಿಯನ್ನು ಪೋರ್ಚುಗೀಜರು ಹದಿನಾರನೆಯ ಶತಮಾನದಲ್ಲಿ ತಂದ ಮೇಲೆ ಅದು ಹಳೆಯದರ ಹೆಸರನ್ನು ಎರವಲು ಪಡೆಯಿತು. ಹೊರಗಿನಿಂದ ಬಂದ ಈ ಹಣ್ಣು ಬ್ಯಾಡಗಿಯ ಹೆಸರಿನಲ್ಲಿಯೇ ಲೋಕವಿಖ್ಯಾತವಾಗಿ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಪಡೆಯಿತು. ಅದರ ಹಿರಿಮೆ ಖಾರದಲ್ಲಿಲ್ಲ, ಬಣ್ಣದಲ್ಲಿ. ಡಬ್ಬಿಯಿರಲಿ, ಕಡ್ಡಿಯಿರಲಿ, ವರ್ತಕನು ಮೊದಲು ನೋಡುವುದು ಕೆಂಪನ್ನು, ಮೇಲಿನ ಸುಕ್ಕನ್ನು. ಕಾರಖಾನೆಗಳಲ್ಲಿ ಈ ಕಾಯಿಯಿಂದ ಬಣ್ಣದ ಸತ್ವವನ್ನು ಇಳಿಸುತ್ತಾರೆ. ಅದು ತಿನಿಸುಗಳಿಗೂ ಸೇರುತ್ತದೆ, ತುಟಿಗೆ ಹಚ್ಚುವ ಬಣ್ಣಕ್ಕೂ ಸೇರುತ್ತದೆ. ಬೆಳಕು ಗಾಳಿ ತಾಗಿದರೆ ಬಣ್ಣ ಮಾಸುವುದೆಂದು ಶೀತಲಗೃಹಗಳಲ್ಲಿ ಕಾಯಿಯನ್ನು ಕಾಪಾಡುತ್ತಾರೆ. ಹಳೆಯ ಚಿತ್ರಗಳಲ್ಲಿಯೂ ಕೀಟಗಳಿಂದ ಪಡೆದ ಕೆಂಪು ಬಣ್ಣಗಳು ಬೆಳಕಿಗೆ ಹೀಗೆಯೇ ಮಾಸುತ್ತವೆಯಾದುದರಿಂದ ಸಂಗ್ರಹಾಲಯದವರದೂ ಇದೇ ಚಿಂತೆ. ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸುವ ಹೆಣ್ಣುಮಕ್ಕಳನ್ನು ತಾವು ಕಂಡಿದ್ದೀರಿ. ಬ್ಯಾಡಗಿ ಕಾಯಿಯಲ್ಲಿ ಖಾರ ಕಡಿಮೆಯೆಂಬುದು ಕೊಳ್ಳುವವನ ಅಳತೆ. ದಿನವಿಡೀ ಅದನ್ನೇ ಮುರಿದ ಬೆರಳುಗಳಿಂದ ಸಂಜೆ ಕೂಸಿನ ಮುಖವನ್ನು ಒರೆಸಲು ಅಂಜುವ ತಾಯಿಯ ಅಳತೆ ಬೇರೆ.

ಹೀಗೆ ನೋಟವು ಹಣ್ಣಿನಿಂದ ಬಣ್ಣವನ್ನೊಂದೇ ಬಿಡಿಸಿಕೊಳ್ಳುವಾಗ ಕೈ ಮರೆಯಾಗುತ್ತದೆ. ಹಾಲೆಂಡಿನ ಹದಿನೇಳನೆಯ ಶತಮಾನದ ಊಟದ ಮೇಜಿನ ಚಿತ್ರಗಳಲ್ಲಿ ಇದರ ಪರಾಕಾಷ್ಠೆಯನ್ನು ಕಾಣಬಹುದು. ಪೀಟರ್ ಕ್ಲಾಸ್ ಎಂಬಾತನು 1627ರಲ್ಲಿ ಬರೆದ ಚಿತ್ರವೊಂದರಲ್ಲಿ ಹಣ್ಣು, ರೊಟ್ಟಿ, ಸಿಂಪಿಗಳ ನಡುವೆ ಪಂಚಾಂಗದ ಹಾಳೆಯ ಪೊಟ್ಟಣದಲ್ಲಿ ಮೆಣಸಿನ ಪುಡಿಯಿದೆ. ನೋಡಲು ಪರಮಶಾಂತವಾದ ಚಿತ್ರ. ಆದರೆ ಸಂಬಾರ ಪದಾರ್ಥಗಳಿಗಾಗಿ 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಯು, ಈ ಚಿತ್ರಕ್ಕೆ ಆರು ವರ್ಷ ಮೊದಲು, 1621ರಲ್ಲಿ, ಜಾಯಿಕಾಯಿಯ ಆಸೆಗೆ ಬಾಂಡಾ ದ್ವೀಪಗಳ ಜನರಲ್ಲಿ ಬಹುಭಾಗವನ್ನು ಕೊಂದು ಉಳಿದವರನ್ನು ಓಡಿಸಿ ಇಲ್ಲವೆ ಸೆರೆಹಿಡಿದು ಆ ತೋಟಗಳನ್ನು ವಶಪಡಿಸಿಕೊಂಡಿತ್ತು. ಮೇಜಿನ ಮೇಲಿನ ನಿಶ್ಶಬ್ದಕ್ಕೆ ಇನ್ನೊಂದು ಅರ್ಥವೂ ಉಂಟೆಂದು ಆಗ ತಿಳಿಯುತ್ತದೆ. ಚಿತ್ರಕಾರನನ್ನು ನಾವು ದೂರುವುದಿಲ್ಲ. ಆತನು ಬಣ್ಣ ಅರೆದು ತನ್ನ ಕಾಯಕವನ್ನು ನಿಷ್ಠೆಯಿಂದ ಮಾಡಿದನು. ಕೇಳಬೇಕಾಗಿದ್ದವರು ಆ ಚಿತ್ರವನ್ನು ಗೋಡೆಗೆ ಹಾಕಿಕೊಂಡವರು. ಅವರಲ್ಲಿ ಅನೇಕರು ಆ ಕಂಪನಿಯ ಪಾಲುದಾರರಿದ್ದ ಪಟ್ಟಣಗಳಲ್ಲಿಯೇ ಬಾಳಿದವರು.

ನಮ್ಮ ಶಾಸ್ತ್ರವು ಈ ವಿಷಯದಲ್ಲಿ ಸೂಕ್ಷ್ಮವಾದ ಒಂದು ದಾರಿಯನ್ನು ತೋರಿದೆ. ಇಷ್ಟಲಿಂಗಕ್ಕೆ ರೂಪವನ್ನೂ, ಪ್ರಾಣಲಿಂಗಕ್ಕೆ ರುಚಿಯನ್ನೂ, ಭಾವಲಿಂಗಕ್ಕೆ ತೃಪ್ತಿಯನ್ನೂ ಅರ್ಪಿಸಬೇಕೆಂಬುದು ಭಕ್ತರಿಗೆ ವಿದಿತವೇ ಇದೆ. ಅಂದಮೇಲೆ ರೂಪವೆಂಬುದು ಬರಿಯ ತೊಗಟೆಯಲ್ಲ. ಅದೂ ಅರ್ಪಿತಕ್ಕೆ ಸಲ್ಲುವ ಪದಾರ್ಥ. ಬಣ್ಣವನ್ನು ಕಂಡು ಹಿಗ್ಗುವುದು ತಪ್ಪೆಂದು ಶರಣಧರ್ಮ ಎಲ್ಲಿಯೂ ಹೇಳಲಿಲ್ಲ. ಆದರೆ ಸತ್ಯಶುದ್ಧ ಕಾಯಕದಿಂದ ಬಾರದ ಪದಾರ್ಥವು ಅರ್ಪಿತಕ್ಕೆ ಯೋಗ್ಯವಲ್ಲವೆಂದು ಅದು ಹೇಳಿತು. ರುಚಿಗೆ ಈ ನಿಯಮ ಸಲ್ಲುವುದಾದರೆ ರೂಪಕ್ಕೂ ಸಲ್ಲಬೇಕು. ಬಾಯಿಗೆ ಹಾಕಿಕೊಳ್ಳುವಾಗ ಇದು ಯಾರ ದುಡಿಮೆಯೆಂದು ಕೇಳುವವನು ಕಣ್ಣಿಗೆ ಹಾಕಿಕೊಳ್ಳುವಾಗಲೂ ಕೇಳಬೇಡವೆ? ನೋಟಕ್ಕೂ ಋಣವುಂಟೆಂದು ನಾವು ಹೇಳುವುದು ಈ ಅರ್ಥದಲ್ಲಿ. ಇದೇ ಹಾವೇರಿ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ಕನಕದಾಸರು ರಾಮಧಾನ್ಯಚರಿತೆಯಲ್ಲಿ ಬಿಳುಪಿನ ಅಕ್ಕಿಯನ್ನೂ ಕಪ್ಪನೆಯ ರಾಗಿಯನ್ನೂ ಆರು ತಿಂಗಳು ಸೆರೆಯಲ್ಲಿರಿಸಿ ಪರೀಕ್ಷಿಸಿದ ಕಥೆಯನ್ನು ಹೇಳಿದರಷ್ಟೆ. ಮೈಬಣ್ಣದಲ್ಲಿ ಗೆದ್ದದ್ದು ಪರೀಕ್ಷೆಯಲ್ಲಿ ಸೋತಿತು.

ಋಣವೆಂದ ಮೇಲೆ ತೀರಿಸುವ ಬಗೆ ಹೇಗೆಂಬ ಪ್ರಶ್ನೆ ಬರುತ್ತದೆ. ಚಿತ್ರವನ್ನು ನೋಡಿದವನು ಯಾವ ಒಕ್ಕಲಿಗನಿಗೆ ಎಷ್ಟು ಕೊಡಬೇಕು? ನಾನೂರು ವರ್ಷದ ಹಿಂದಿನ ದ್ರಾಕ್ಷಿ ಬೆಳೆದವನು ಈಗೆಲ್ಲಿ? ಕುತರ್ಕಿಗಳು ಹೀಗೆ ನಗಬಹುದು. ಉತ್ತರವನ್ನು ಆ ಬುಟ್ಟಿಯ ಒಡೆಯನ ಬಾಳಿನಲ್ಲಿಯೇ ಅರಸಬಹುದು. 1628ರಲ್ಲಿ ಮಿಲಾನಿನಲ್ಲಿ ಕ್ಷಾಮ ಬಿತ್ತು. ರೊಟ್ಟಿಯ ಬೆಲೆಗೆ ರೊಚ್ಚಿಗೆದ್ದ ಜನ ಅಂಗಡಿಗಳನ್ನು ಸೂರೆಮಾಡಿದರು. 1630ರಲ್ಲಿ ಪ್ಲೇಗು ಬಂದಿತು. ಆ ದುರ್ದಿನಗಳಲ್ಲಿ ಬೊರೊಮೆಯೊ ಅವರು ಪ್ರತಿದಿನ ಬಹುಸಂಖ್ಯೆಯ ಬಡವರಿಗೆ ಅನ್ನ ಹಾಕಿಸಿದರು. ಪ್ಲೇಗಿನಲ್ಲಿಯೂ ತಮ್ಮ ಜನರನ್ನು ಬಿಡಲಿಲ್ಲ. ಬುಟ್ಟಿಯನ್ನು ನೋಡಿದುದಕ್ಕಾಗಿ ಅವರು ಹೀಗೆ ಮಾಡಿದರೆಂದು ನಾವು ಹೇಳಲಾರೆವು. ಹುಳುಕು ಸೇಬನ್ನು ದಿನವೂ ಕಂಡ ಕಣ್ಣು ಬೀದಿಯ ಹಸಿದ ಮುಖವನ್ನೂ ಕಂಡಿತೆಂದು ಮಾತ್ರ ಹೇಳಬಲ್ಲೆವು. ನೋಡಿದವನ ದಾಸೋಹ ಎದುರಿಗಿರುವವನಿಗೆ ಸಲ್ಲುತ್ತದೆ. ಸತ್ತ ದ್ರಾಕ್ಷಿಯ ಒಡೆಯನನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

2024ರ ಮಾರ್ಚ್ 11ರಂದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದರ ಕುಸಿದು, ರೈತರ ಸಿಟ್ಟು ಮಿತಿಮೀರಿ, ಕಚೇರಿಗೆ ಕಲ್ಲು ಬಿದ್ದು ವಾಹನಗಳಿಗೆ ಬೆಂಕಿ ಹತ್ತಿದುದನ್ನು ಎಲ್ಲರೂ ಬಲ್ಲರು. ಬೆಂಕಿ ಹಚ್ಚುವುದನ್ನು ನಾವು ಸಮರ್ಥಿಸುವುದಿಲ್ಲ. ಮಿಲಾನಿನಲ್ಲಿ ಎದ್ದವರು ಉಣ್ಣುವವರು, ಇಲ್ಲಿ ಎದ್ದವರು ಬೆಳೆದವರು. ಎರಡನ್ನೂ ಒಂದೆನ್ನುವುದೂ ಸರಿಯಲ್ಲ. ಆದರೆ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಆ ದಿನದವರೆಗೆ ಬ್ಯಾಡಗಿಯೆಂದರೆ ದೂರದ ಊರುಗಳವರ ಕಣ್ಣಿಗೆ ಕೆಂಪು ರಾಶಿಯ ಸುಂದರವಾದ ಛಾಯಾಚಿತ್ರ. ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲುಗಳಿಂದ ರಾತ್ರಿಯೆಲ್ಲ ಚೀಲಗಳ ಮೇಲೆ ಕುಳಿತು ಬಂದವರ ಮುಖವು ಆ ಚಿತ್ರದ ಚೌಕಟ್ಟಿನೊಳಗೆ ಬಂದುದು ಆ ದಿನ, ಅದೂ ಬೆಂಕಿಯ ಬೆಳಕಿನಲ್ಲಿ. ಮೊದಲೇ ಕಾಣುವಂತೆ ಬರೆದಿದ್ದರೆ!

ಮಠಗಳೂ ಈ ಮಾತಿಗೆ ಹೊರತಲ್ಲ. ದರ್ಶನಕ್ಕೆ ಬರುವವರು ಫಲ ತರುವುದು ನಮ್ಮಲ್ಲಿ ಸತ್ಸಂಪ್ರದಾಯ. ತಂದ ಸೇಬನ್ನು ನಾವು ಮುಟ್ಟಿ ಮುಂದಿನವರ ಕೈಗೆ ಕೊಡುತ್ತೇವೆ. ಅವರು ಇನ್ನೊಬ್ಬ ಹಿರಿಯರಿಗೆ ಕೊಡುತ್ತಾರೆ. ಒಂದೇ ಸೇಬು ಒಂದೇ ದಿನದಲ್ಲಿ ನಾಲ್ಕು ಕೈ ದಾಟಿ, ಯಾರೂ ಕಚ್ಚದೆ, ಸಂಜೆಯ ಹೊತ್ತಿಗೆ ಚಿತ್ರದ ಹಣ್ಣಿನಂತೆಯೇ ಉಳಿಯುವುದುಂಟು. ಇತ್ತೀಚೆಗೆ ನಾವು ಹಣ್ಣು ತಂದವರನ್ನು ಇದು ಎಲ್ಲಿಯದೆಂದು ವಿಚಾರಿಸುವುದನ್ನು ರೂಢಿಮಾಡಿಕೊಂಡಿದ್ದೇವೆ. ಬಹು ಜನ ಅಂಗಡಿಯ ಹೆಸರನ್ನು ಹೇಳುತ್ತಾರೆ. ರಾಣೇಬೆನ್ನೂರಿನ ಕಡೆಯಿಂದ ಬರುವ ಕೆಲವು ಒಕ್ಕಲು ಮಕ್ಕಳು ಮಾತ್ರ ಪೇರಲಹಣ್ಣನ್ನು ತಟ್ಟೆಯಲ್ಲಿಡುತ್ತ, ಈ ಸಲ ಮಳೆ ತಡವಾಯಿತೆಂದೂ, ಗಿಡಕ್ಕೆ ಕೊಡದಿಂದ ನೀರು ಹೊತ್ತವಳು ತಮ್ಮ ಅವ್ವನೆಂದೂ ತಾವಾಗಿಯೇ ಹೇಳತೊಡಗುತ್ತಾರೆ. ಆ ಹಣ್ಣಿನ ಮೇಲೆ ಹಕ್ಕಿ ಕುಕ್ಕಿದ ಗುರುತು ಇದ್ದೇ ಇರ್ತದೆಂದು ತುಸು ನಾಚಿಕೆಯನ್ನೂ ಪಡುತ್ತಾರೆ.